ಕೆಂಪು ಹುಲ್ಲಿನ ಬೈರಮ್ಮ

ಜಿಗಣಿಯ ಆಚೆಯ ಒಂದು ಊರಿನಲ್ಲಿ ಬೈರಮ್ಮ ಇದ್ದಳು. ಹಂಚಿಕಡ್ಡಿ ಪೊರಕೆ ಕಟ್ಟಿ ಸಂತೆಯಲ್ಲಿ ಮಾರುವವಳು. ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ನನಗೆ ಅವಳೆಂದರೆ ಬಹಳ ಪ್ರೀತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಅವಳನ್ನು ಸ್ವಲ್ಪ ಆಡಿಕೊಳ್ಳುವುದಿದೆ.

ಎಂಬತ್ತರ ದಶಕದ ನಡುವಿನ ಮಾತು. ನಾನು ಬೆಂಗಳೂರಿನ ಒಂದು ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವಳು. ಉಪಗ್ರಹ ತೆಗೆದ ಚಿತ್ರ ನೋಡಿ, ಎಲ್ಲಿ ಹಸಿರಿದೆ, ಎಲ್ಲಿ ನೆಲ ಬರಡಾಗಿದೆ ಎಂದು ಗುರುತು ಹಾಕಬೇಕು. ಆಮೇಲೆ ಜೀಪಿನಲ್ಲಿ ಹೋಗಿ ಅದು ನಿಜವೇ ಎಂದು ನೋಡಿಕೊಂಡು ಬರಬೇಕು. ನಮ್ಮ ಅಧಿಕಾರಿ ಹನುಮಯ್ಯನವರು ಒಳ್ಳೆಯವರು, ಆದರೆ ಯಾವುದನ್ನೂ ಬಿಡಿಸಿ ಹೇಳುವ ಅಭ್ಯಾಸವಿರಲಿಲ್ಲ.

ಬೈರಮ್ಮನ ಊರಿಗೆ ಹೋದಾಗ ಮಾರ್ಚ್ ತಿಂಗಳು. ಊರಿನ ದನಗಳೆಲ್ಲ ಮೇಯುವ ಗೋಮಾಳದಲ್ಲಿ ಅವಳೂ ತನ್ನ ಹಸುಗಳನ್ನು ಬಿಟ್ಟುಕೊಂಡು ನಿಂತಿದ್ದಳು. ಹನುಮಯ್ಯನವರು ಹಿಂದಿನ ಬೇಸಿಗೆಯ ಚಿತ್ರವನ್ನು ಜೀಪಿನ ಬಾನೆಟ್ ಮೇಲೆ ಹರಡಿದರು.

"ನೋಡಮ್ಮ, ಇದು ನಿಮ್ಮೂರ ಕೆರೆ. ಪಕ್ಕದಲ್ಲಿ ನೀಲಗಿರಿ ತೋಪು. ಇದು ಗೋಮಾಳ. ಸರಿಯಾಗಿದೆಯಾ?"

ಚಿತ್ರದಲ್ಲಿ ತೋಪು ಕಡುಗೆಂಪು, ಗೋಮಾಳ ಬೂದಿ ಬಣ್ಣ.

"ಅಯ್ಯೋ ಸಿವನೇ, ತೋಪಿಗೆ ಬೆಂಕಿ ಬಿದ್ದೈತಾ!" ಬೈರಮ್ಮ ಹಿಂತಿರುಗಿ ನೋಡಿದಳು. ತೋಪು ನೆಟ್ಟಗೆ ನಿಂತಿತ್ತು. "ಬಿದ್ರೆ ಬೀಳ್ಲಿ ಬಿಡಿ ಸಾ. ಅದರ ಬುಡದಾಗೆ ಒಂದೆಸಳು ಉಲ್ಲು ಬರಾಕಿಲ್ಲ. ನಮ್ಮ ಗೋಮಾಳಕ್ಕೆ ಒಂದು ಕಿಡೀನೂ ತಾಕಿಲ್ವಲ್ಲ, ಅಷ್ಟು ಸಾಕು. ನೂರಕ್ಕೆ ನೂರು ಸರಿಯಾಗೈತೆ!"

"ಹಾಗಾದ್ರೆ ಗೋಮಾಳ ಬರಡು ಜಾಗ ಅಂತ ಬರ್ಕೊಳ್ತೀನಿ," ಎಂದರು ಹನುಮಯ್ಯನವರು. "ಇಲ್ಲೂ ನೀಲಗಿರಿ ಹಾಕ್ಬಹುದು."

ಬೈರಮ್ಮ ಕಣ್ಣು ಕಣ್ಣು ಬಿಟ್ಟಳು. ನನಗೆ ತಡೆಯಲಾಗಲಿಲ್ಲ. ಹಸಿರೆಲೆಯಿಂದ ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕು ಬರುತ್ತದೆ, ಉಪಗ್ರಹ ಅದನ್ನು ಹಿಡಿಯುತ್ತದೆ, ಕಾಗದದ ಮೇಲೆ ಅದಕ್ಕೆ ಕೆಂಪು ಬಣ್ಣ ಕೊಡುತ್ತಾರೆ ಎಂದೆ. ಈ ಚಿತ್ರದಲ್ಲಿ ಕೆಂಪೆಂದರೆ ಹಸಿರು, ಬೂದಿ ಎಂದರೆ ಬರಡು.

ಅವಳು ಹಣೆ ಚಚ್ಚಿಕೊಂಡಳು. ಜೀಪಿನ ಮುಂದೆ ಬಂದು ನಿಂತವಳು ಅಲ್ಲಾಡಲಿಲ್ಲ. "ಬ್ಯಾಸಗೇಲಿ ಉಲ್ಲು ಮಲಗಿರ್ತೈತೆ ಸಾ, ಬೇರು ಬದುಕಿರ್ತೈತೆ. ನಾನು ಮಲಗಿದ್ದಾಗ ಫೋಟೋ ತೆಗ್ದು, ಬೈರಮ್ಮ ಸತ್ತೋದ್ಲು ಅಂತ ಬರ್ಕೊಂಡೋಯ್ತೀರಾ?"

ಹನುಮಯ್ಯನವರು ನಕ್ಕುಬಿಟ್ಟರು. "ಮಳೆ ಬಿದ್ದ ಮೇಲಿನ ಚಿತ್ರ ಬೇಕು ಅಂತ ನಂಗೂ ಗೊತ್ತಮ್ಮ. ಆಗ ಮೋಡ ಮುಚ್ಚಿರುತ್ತೆ, ಏನೂ ಕಾಣಲ್ಲ. ಹಿಂಗಾರಲ್ಲಿ ಒಂದು ಒಳ್ಳೇ ಚಿತ್ರ ಸಿಗುತ್ತಾ ನೋಡೋಣ. ಅಲ್ಲೀವರೆಗೂ ಬರೆಯಲ್ಲ."

ಆ ವರ್ಷ ಬೈರಮ್ಮ ಮಾರಮ್ಮನಿಗೆ ಹೊತ್ತ ಹರಕೆ ಎಂಥದ್ದು ಅಂತೀರಿ? ಮಳೆ ಬೇಕು, ಮೋಡ ಬೇಡ! ದೇವರಿಗೂ ತಲೆ ಕೆಟ್ಟಿರಬೇಕು. ಆದರೂ ಅಕ್ಟೋಬರ್‌ನಲ್ಲಿ ತಿಳಿಯಾದ ಚಿತ್ರವೊಂದು ಸಿಕ್ಕಿತು. ಅದು ನಮ್ಮ ಕೈಗೆ ಬಂದು, ನಾವು ಮತ್ತೆ ಊರಿಗೆ ಹೋಗುವಷ್ಟರಲ್ಲಿ ಸಂಕ್ರಾಂತಿ ಕಳೆದಿತ್ತು. ರಾಗಿ ಕೊಯ್ಲೂ ಮುಗಿದಿತ್ತು.

ಹೊಸ ಚಿತ್ರದಲ್ಲಿ ಗೋಮಾಳವೆಲ್ಲ ನಸುಗೆಂಪು. ಬೈರಮ್ಮ ಅದರ ಮೇಲೆ ಅಂಗೈ ಆಡಿಸಿದಳು. "ಎದ್ದವ್ಳೆ ನೋಡಿ ನಮ್ಮವ್ವ," ಎಂದಳು.

ಹನುಮಯ್ಯನವರ ಬೆರಳು ಮಾತ್ರ ಗೋಮಾಳದ ಒಂದು ಅಂಚಿನಲ್ಲಿ ನಿಂತಿತ್ತು. ಅಲ್ಲಿ ಒಂದು ಚೌಕ ಕಡುಗೆಂಪಗಿತ್ತು. "ಇಲ್ಲಿ ಹುಲ್ಲು ಎಷ್ಟು ಚೆನ್ನಾಗಿದೆ! ಈ ನೆಲದಲ್ಲಿ ಹುಲ್ಲು ಇಷ್ಟು ಬೆಳೆಯುತ್ತೆ ಅಂದ್ಮೇಲೆ, ಮಿಕ್ಕಿದ್ದೆಲ್ಲ ಸೊರಗಿದೆ ಅಂತಲೇ ಅರ್ಥ. ಬರಡು ಅಂತ ಬರೀಲೇಬೇಕಾಗುತ್ತೆ ಕಣಮ್ಮ."

ಬೈರಮ್ಮನ ಮುಖ ಸಪ್ಪಗಾಯಿತು. ಆ ಚೌಕ ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ನನ್ನನ್ನು ನೋಡಿದಳು, ಊರಿನ ಕಡೆ ನೋಡಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಅದು ಉಲ್ಲಲ್ಲ ಸಾ," ಎಂದಳು ಕೊನೆಗೆ. "ರಾಗಿ. ನಮ್ಮೆಜಮಾನ್ರು ಗೋಮಾಳ ಒತ್ಕೊಂಡು ಉತ್ತಿದ್ದು."

ಹನುಮಯ್ಯನವರು ನಡೆದುಕೊಂಡು ಹೋಗಿ ನೋಡಿದರು. ರಾಗಿಯ ಕೂಳೆ ಸಾಲುಸಾಲಾಗಿ ನಿಂತಿತ್ತು. ವಾಪಸು ಬಂದವರು, "ನಾನು ಹುಲ್ಲು ನೋಡೋಕೆ ಬಂದೋನು. ಗೋಮಾಳ ಚೆನ್ನಾಗೇ ಇದೆ, ಹಾಗೇ ಬರೀತೀನಿ. ಮುಂದಿನ ವರ್ಷ ಮಾತ್ರ ಅಲ್ಲಿ ನೇಗಿಲು ಇಳೀಬಾರದು," ಎಂದು ಜೀಪು ಹತ್ತಿ ಕೂತರು.

ಬೈರಮ್ಮ ಮಜ್ಜಿಗೆ ಕುಡಿದು ಹೋಗಿ ಎಂದು ನನ್ನನ್ನು ಮನೆಗೆ ಎಳೆದುಕೊಂಡು ಹೋದಳು. ಅವಳ ಗಂಡ ಚಿನ್ನಪ್ಪ ಜಗಲಿಯ ಮೇಲಿದ್ದ. ಮೂಗಿನ ತುದಿಯಲ್ಲೇ ಕೋಪವಿರುವ ಆಸಾಮಿ. ಗೋಮಾಳವನ್ನು ಇನ್ನು ಉಳುವಂತಿಲ್ಲ, ಆಫೀಸಿನವರಿಗೆ ತಿಳಿದುಹೋಗಿದೆ ಎಂದು ಅವಳು ಹೇಳಿದ್ದೇ ತಡ, ಅವನು ಎದ್ದು ನಿಂತ.

"ಯಾವನ್ಲಾ ಅವ್ರಿಗೆ ಏಳ್ದೋನು? ಈಗ್ಲೇ ಓಗಿ ವಿಚಾರಿಸ್ಕೊತೀನಿ!"

ಬೈರಮ್ಮ ಬೆರಳೆತ್ತಿ ಆಕಾಶ ತೋರಿಸಿದಳು. "ಯಾರೂ ಏಳಿಲ್ಲ. ಮ್ಯಾಲಿಂದ ಕಂಡೈತೆ."

ನಾನು ಮಜ್ಜಿಗೆ ಲೋಟದಿಂದ ಮುಖ ಎತ್ತಲಿಲ್ಲ. ಚಿನ್ನಪ್ಪ ಅಂಗಳಕ್ಕೆ ಇಳಿದು, ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಮೇಲೆ ನೋಡಿದ. "ಅದಕ್ಕೇನು ಬ್ಯಾರೆ ಕೆಲ್ಸ ಇಲ್ವಾ?" ಎಂದ.

ಮುಂದಿನ ಮಳೆಗೆ ಅಲ್ಲಿ ಹುಲ್ಲು ಬಂತು. ಚಿನ್ನಪ್ಪ ಬದುಕಿರುವವರೆಗೂ ಆ ಉಪಗ್ರಹವನ್ನು ಬೈಯುವುದು ಬಿಡಲಿಲ್ಲ. ಅವನು ಬೈಯುವಾಗೆಲ್ಲ ಬೈರಮ್ಮ ಹೌದು ಹೌದು ಎಂದು, ತಾನೂ ಎರಡು ಬೈಗುಳ ಸೇರಿಸುತ್ತಿದ್ದಳು.