ಮೊಬೈಲು ಹೇಳಿದ ಹದೀಸು

ನಾವು ಪಿಂಜಾರರು, ಮನೆಯೊಳಗೂ ಕನ್ನಡವೇ. ನಮ್ಮ ಓಣಿಯ ಹೆಂಗಸರಿಗೆ ಉರ್ದು ಕಿತಾಬು ಓದಲು ಬರುವುದಿಲ್ಲ. ಅದಕ್ಕೇ ಪ್ರತಿ ಶುಕ್ರವಾರ ಮಧ್ಯಾಹ್ನ ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅವರಿಗೆ ಕನ್ನಡದಲ್ಲೇ ಧರ್ಮದ ಪಾಠ ಹೇಳುತ್ತೇನೆ. ಹರಪನಹಳ್ಳಿಯ ಉಸ್ತಾದರ ಹತ್ತಿರ ನಾಲ್ಕು ವರ್ಷ ಕಲಿತವಳೆಂಬ ಜಂಬವೂ ಇತ್ತೆನ್ನಿ. ಅವರು ಮೊದಲ ದಿನವೇ ಹೇಳಿಕೊಟ್ಟಿದ್ದರು: ಇದು ಹದೀಸು, ಪ್ರವಾದಿಯವರ ಮಾತು ಅನ್ನುವ ಮುಂಚೆ, ಅದು ಯಾರ ಬಾಯಿಂದ ಯಾರ ಕಿವಿಗೆ ಬಂತು ಅಂತ ಕಿತಾಬು ತೆರೆದು ನೋಡಬೇಕು.

ಕಳೆದ ರಂಜಾನಿನಲ್ಲಿ ನಾನು ನೋಡಲಿಲ್ಲ. ಪಾಠಕ್ಕೆ ಹೊತ್ತಾಗಿತ್ತು. ಅವಸರವಿದ್ದಾಗ ಆಗಾಗ ಕೇಳುತ್ತಿದ್ದಂತೆ ಮೊಬೈಲಿನ ಎಐ ಆ್ಯಪಿಗೆ, ಉಪವಾಸದ ಬಗ್ಗೆ ಒಂದು ಹದೀಸು ಹೇಳು ಎಂದೆ. ಕಾಯಿಲೆಯಲ್ಲೂ ಉಪವಾಸ ಬಿಡದವರಿಗೆ ಇಮ್ಮಡಿ ಪುಣ್ಯ ಎಂದು ಕಿತಾಬಿನ ಹೆಸರು, ನಂಬರಿನ ಸಮೇತ ಥಟ್ಟನೆ ಕೊಟ್ಟಿತು. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಇದೆ ಎಂದು ನನಗೇನು ಗೊತ್ತಿರಲಿಲ್ಲವೇ? ಆದರೆ ಮಾತು ಚೆಂದವಿತ್ತು, ನಂಬರೂ ಇತ್ತು. ಓದಿಬಿಟ್ಟೆ. ಹೆಂಗಸರು ಕಣ್ಣೊರೆಸಿಕೊಂಡರು.

ಮುಂದಿನ ಬುಧವಾರ ಅದರ ಅರಬ್ಬಿ ಮೂಲ ಬೇಕೆಂದು ಉಸ್ತಾದರಿಗೆ ಫೋನು ಮಾಡಿದೆ. ಅವರು ಹುಡುಕಿ, ಸಂಜೆಯ ಅಸರ್ ನಮಾಜಿನ ನಂತರ ತಿರುಗಿ ಮಾಡಿದರು.

"ಆ ನಂಬರಿನಾಗೆ ಬೇರೆ ಏನೋ ಐತಮ್ಮ. ನೀ ಹೇಳಿದ್ದು ಎಲ್ಲೂ ಇಲ್ಲ. ಯಾರು ಹೇಳಿದ್ರು ನಿನಗೆ?"

"ಮೊಬೈಲು," ಎಂದೆ.

ಆಗ ದೊಡ್ಡವ್ವ ನೆನಪಾದಳು. ಸಕ್ಕರೆ ಕಾಯಿಲೆ ಬಂದ ಮೇಲೆ ಉಪವಾಸ ನಿಲ್ಲಿಸಿ, ಬದಲಿಗೆ ಬಡವರಿಗೆ ಊಟ ಹಾಕಿಸುತ್ತಿದ್ದ ಅವಳು ಆ ಶುಕ್ರವಾರ ಎಲ್ಲರಿಗಿಂತ ಮುಂದೆ ಕೂತಿದ್ದಳು. ಚಪ್ಪಲಿಯನ್ನೂ ಮೆಟ್ಟದೆ ಹಿಂದಿನ ಓಣಿಗೆ ಓಡಿದೆ.

ಮಂಚದ ಮೇಲಿದ್ದಳು. ಕುಪ್ಪಸ ಬೆವರಿಗೆ ತೊಯ್ದಿತ್ತು, ಕೈ ಗಡಗಡ ನಡುಗುತ್ತಿತ್ತು. ಹಸಿವಿಗೆ ಮೈಯೊಳಗಿನ ಸಕ್ಕರೆ ಇಳಿದುಬಿಟ್ಟಿದೆ ಎಂದು ಗೊತ್ತಾಯಿತು; ಒಂದು ಲೋಟ ನೀರಿಗೆ ಸಕ್ಕರೆ ಸುರಿದು ತುಟಿಗೆ ಹಿಡಿದೆ. ಮುಖ ತಿರುಗಿಸಿದಳು.

"ಬ್ಯಾಡ ಬೇ. ಇನ್ನೊಂದು ತಾಸು ಐತಿ, ತಡಕೊಂತೀನಿ."

"ಕಾಯಿಲಿ ಇದ್ದೋರು ಬಿಡಬೌದು ದೊಡ್ಡವ್ವಾ. ಕುರಾನಿನಾಗ ಐತಿ."

"ಮತ್ತ ಇಮ್ಮಡಿ ಪುಣ್ಯ ಅಂತ ನೀನ ಹೇಳಿದ್ದಿಯಲ್ಲ?"

ನುಣುಚಿಕೊಳ್ಳಲು ಹತ್ತು ದಾರಿ ಹುಡುಕಿದೆ. ಅವಳ ಕಣ್ಣುಗಳು ಮುಚ್ಚಿಕೊಳ್ಳುತ್ತಿದ್ದವು.

"ಅದು ಸುಳ್ಳು ದೊಡ್ಡವ್ವಾ. ಪ್ರವಾದಿಯವರು ಹಂಗ ಹೇಳಿಲ್ಲ. ಮೊಬೈಲ್ ಹೇಳ್ತು, ನಾ ಕಿತಾಬು ನೋಡಲಾರದ ಹೇಳಿಬಿಟ್ಟೆ. ಕುಡಿ, ನಿನ್ನ ಕಾಲಿಗೆ ಬೀಳ್ತೀನಿ."

ಕುಡಿದಳು. ಅರ್ಧ ಸೆರಗಿನ ಮೇಲೆ ಚೆಲ್ಲಿತು. ಇನ್ನೊಂದು ಲೋಟ ಕುಡಿಸಿದೆ. ಕಾಲು ಗಂಟೆಯಲ್ಲಿ ಕೈ ನಡುಗುವುದು ನಿಂತಿತು. ನಾನು ಮಂಚದ ಕಾಲು ಹಿಡಿದು ನೆಲದಲ್ಲೇ ಕೂತು ಅತ್ತೆ. ಭಯಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು.

ಬಯ್ಯುತ್ತಾಳೆ ಅಂದುಕೊಂಡೆ. ಬಯ್ಯಲಿಲ್ಲ. ಮೆಲ್ಲಗೆ ಕೇಳಿದಳು: "ಹೋದ ವರ್ಷ ನಿಮ್ಮ ದೊಡ್ಡಪ್ಪ ತೀರಿಕೊಂಡಾಗ ನನಗ ಸಮಾಧಾನಕ್ಕ ಒಂದು ಹದೀಸ್ ಹೇಳಿದ್ದಿ. ಅದನ್ನ ಹಿಡಕೊಂಡು ಬದುಕೀನಿ ನಾನು. ಅದು ಕಿತಾಬಿಂದೋ, ಮೊಬೈಲಿಂದೋ?"

ನನಗೆ ನೆನಪಿರಲಿಲ್ಲ.