ಅರ್ಲೀನಳ ಕಾಲ್ಗುಣ

ನನ್ನ ತಮ್ಮನ ಹೆಂಡತಿ ಅರ್ಲೀನಳ ಕಾಲ್ಗುಣ ಸರಿಯಿಲ್ಲ ಎಂದು ತೀರ್ಮಾನವಾದದ್ದು ಅವಳು ಮದುವೆಯಾಗಿ ನಮ್ಮ ಮನೆಗೆ ಬಂದ ವರ್ಷ, ಅಕ್ಟೋಬರಿನ ಒಂದು ಶನಿವಾರ. ತೀರ್ಪು ಕೊಟ್ಟವನು ನಮ್ಮಪ್ಪ. ಸಾಕ್ಷಿಗೆ ಇದ್ದದ್ದು ಒಂದು ತಟ್ಟೆ ಮೊಟ್ಟೆ.

ಆ ಮಧ್ಯಾಹ್ನ ಟಿವಿಯಲ್ಲಿ ಕಾಲ್ಡರ್ ಕಾಲೇಜಿನ ಆಟ ಬರುತ್ತಿತ್ತು. ಅಲಬಾಮಾದ ನಮ್ಮ ಮೂಲೆಯಲ್ಲಿ ಆ ಕಾಲೇಜಿನಲ್ಲಿ ಓದಿದವರು ಬೆರಳೆಣಿಕೆಯಷ್ಟು. ನಮ್ಮ ಮನೆಯವರಂತೂ ಅದರ ಮೆಟ್ಟಿಲು ಹತ್ತಿದವರಲ್ಲ. ಆದರೂ ಅದರ ಅಮೆರಿಕನ್ ಫುಟ್‌ಬಾಲ್ ತಂಡ ನಮ್ಮದು. ತಂಡದ ಹೆಸರು ಹೇಸರಗತ್ತೆಗಳು. ನಗಬೇಡಿ. ಶನಿವಾರ ತಂಡದ ಕೆಂಪು ಅಂಗಿ ಹಾಕದೆ ಬೀದಿಗಿಳಿದರೆ ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳುವ ಊರು ನಮ್ಮದು.

ಚೆಂಡನ್ನು ಎದೆಗೆ ಅವುಚಿಕೊಂಡು ಓಡುತ್ತಿದ್ದ ನಮ್ಮ ಹುಡುಗ ಇನ್ನೇನು ಗೆರೆ ದಾಟಬೇಕು, ಅಷ್ಟರಲ್ಲಿ ಅರ್ಲೀನ್ ಮೊಟ್ಟೆಯ ತಟ್ಟೆ ಹಿಡಿದು ಹಾಲಿಗೆ ಕಾಲಿಟ್ಟಳು. ಚೆಂಡು ಅವನ ಕೈಜಾರಿತು. ವೆಲ್ಬರ್ನ್ ಕಾಲೇಜಿನವನೊಬ್ಬ ಅದನ್ನು ಬಾಚಿಕೊಂಡು ಮೈದಾನದ ಆ ತುದಿಯವರೆಗೂ ಓಡಿಬಿಟ್ಟ. ವೆಲ್ಬರ್ನಿಗೂ ನಮಗೂ ಹಾವು ಮುಂಗುಸಿಯ ಸಂಬಂಧ.

ಅಪ್ಪ ತಿರುಗಿಯೂ ನೋಡಲಿಲ್ಲ. "ಯಾರದು ಈಗ ಒಳಗೆ ಬಂದಿದ್ದು?"

"ನಾನು, ಸಾರ್."

"ಇಷ್ಟೊತ್ತು ಎಲ್ಲಿದ್ದೆ?"

"ಹಿತ್ತಿಲ ಜಗಲೀಲಿ, ಸಾರ್. ಕಡಲೆಕಾಯಿ ಬೇಯಿಸ್ತಿದ್ದೆ."

"ಹಾಗಾದ್ರೆ ಅಲ್ಲೇ ಹೋಗಿರು ಮಗಳೇ. ಮೊಟ್ಟೆ ಇಟ್ಟು ಹೋಗು."

ಅವಳು ಹೋದಳು. ನಾವು ಗೆದ್ದೆವು. ಅಷ್ಟೇ, ಶಾಸನವಾಯಿತು.

ನಮ್ಮಲ್ಲಿ ಇಂಥ ಕಟ್ಟಳೆ ಎಲ್ಲರಿಗೂ ಉಂಟು. ನನ್ನ ಕಿರಿಯ ತಮ್ಮ ಹಾಯ್ಟ್ ಆಟದ ತಿಂಗಳುಗಳಲ್ಲಿ ಒಂದು ಜೊತೆ ಕಾಲುಚೀಲವನ್ನು ಒಗೆಯುವುದಿಲ್ಲ. ಅರ್ಲೀನಳ ಗಂಡ ಡೋಯಲ್ ಕೊನೆಯ ಕಾಲು ಭಾಗದ ಆಟದಲ್ಲಿ ಮನೆಗೆ ಬೆಂಕಿ ಬಿದ್ದರೂ ಕುರ್ಚಿ ಬಿಟ್ಟೇಳುವುದಿಲ್ಲ. ನಮ್ಮ ಪಾದ್ರಿಯೇ ಶುಕ್ರವಾರ ಗಡ್ಡ ಬೋಳಿಸಿಕೊಳ್ಳುವುದಿಲ್ಲ. ಆದರೆ ಇವರ ಕಟ್ಟಳೆಗಳಿಂದ ನಷ್ಟವಾದದ್ದು ಸುತ್ತಲಿನವರ ಮೂಗಿಗೆ ಮಾತ್ರ. ಅರ್ಲೀನ್ ಒಬ್ಬಳು ಮನೆಯಿಂದಾಚೆ ಹೋದಳು.

ಜಗಲಿಗೆ ಒಂದು ರೇಡಿಯೋ ಬಂತು. ಅಪ್ಪ ಸತ್ತ, ಮನೆ ಡೋಯಲ್‌ಗೆ ಬಂತು, ಮಕ್ಕಳು ಹುಟ್ಟಿ ಬೆಳೆದು ಮದುವೆಯಾದರು, ಹಾಲಿನ ಟಿವಿ ಗೋಡೆಯಷ್ಟು ದೊಡ್ಡದಾಯಿತು. ಅವಳು ಮಾತ್ರ ಪ್ರತಿ ಶನಿವಾರ ಆ ಸೊಳ್ಳೆಪರದೆಯ ಬಾಗಿಲಿನಾಚೆ ಕಡಲೆಕಾಯಿಯ ಹಂಡೆಯ ಪಕ್ಕ ಕೂತಳು. ಅವಳಷ್ಟು ಆಟ ತಿಳಿದವರು ನಮ್ಮ ಪೈಕಿ ಇನ್ನೊಬ್ಬರಿಲ್ಲ. ಯಾವ ಹುಡುಗನ ಮಂಡಿ ನೋಯುತ್ತಿದೆ, ಯಾರ ತಾಯಿ ಯಾವ ಆಸ್ಪತ್ರೆಯಲ್ಲಿ ನರ್ಸು, ಎಲ್ಲ ಬಾಯಿಪಾಠ. ಒಮ್ಮೆಯೂ ಆಟ ಕಣ್ಣಿಂದ ನೋಡಿದವಳಲ್ಲ.

"ಬೇಜಾರಾಗಲ್ವೇನೇ ನಿನಗೆ?" ಎಂದು ಒಮ್ಮೆ ಕೇಳಿದ್ದೆ.

"ಯಾಕೆ ಮ್ಯಾವಿಸ್? ಆ ಹುಡುಗರು ಬರೀ ಅವರ ಕಾಲಿಂದ ಓಡ್ತಾರೆ ಅಂದ್ಕೊಂಡ್ಯಾ? ನಾನಿಲ್ಲಿ ಕೂತಿದ್ದೀನಲ್ಲ, ಅದಕ್ಕೆ ಓಡೋದು!" ಎಂದು ನಕ್ಕಳು. ತಮಾಷೆಗೆ ಅಂದದ್ದು ಅರ್ಧ ಮಾತ್ರ ಎಂದು ನನಗೆ ಗೊತ್ತಾಯಿತು.

ಕಳೆದ ವರ್ಷ ಅವಳ ಮೊಮ್ಮಗಳು ಟೆಸ್ ಕಾಲ್ಡರ್ ಕಾಲೇಜು ಸೇರಿ, ಅಲ್ಲಿನ ಬ್ಯಾಂಡಿನಲ್ಲಿ ಕಹಳೆ ಊದಲು ಶುರುಮಾಡಿದಳು. ವೆಲ್ಬರ್ನ್ ವಿರುದ್ಧದ ಆಟಕ್ಕೆ ನಾಲ್ಕು ಟಿಕೆಟ್ ಕೊಟ್ಟು, ಅಜ್ಜಿ ಬರದಿದ್ದರೆ ನೀವ್ಯಾರೂ ಬರಬೇಡಿ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಳು. ಆ ಹುಡುಗಿ ನನ್ನನ್ನೇ ಹೋಲುತ್ತಾಳೆ.

ಹಾಯ್ಟ್‌ಗೆ ಅನ್ನ ಸೇರಲಿಲ್ಲ. "ಬೇರೆ ಯಾವ ಆಟಕ್ಕಾದ್ರೂ ಹೋಗ್ಲಿ, ನಾನು ಬೇಡ ಅಂತೀನಾ? ವೆಲ್ಬರ್ನ್ ಮೇಲಿನ ಆಟಕ್ಕೇ ಆಗ್ಬೇಕಾ?"

"ನಿನ್ನ ಕಾಲುಚೀಲ ಬರತ್ತಂತೆ, ಅವಳು ಬರಬಾರ್ದಾ?" ಎಂದೆ.

ಶನಿವಾರ ಬೆಳಿಗ್ಗೆ ಗಂಡಸರು ಮುಂದೆ, ನಾವಿಬ್ಬರು ಹಿಂದೆ ಕಾರಿನಲ್ಲಿ ಹೊರಟೆವು. ತೊಡೆಯ ಮೇಲಿನ ಕಡಲೆಕಾಯಿ ಚೀಲವನ್ನು ಅರ್ಲೀನ್ ಹಿಚುಕುತ್ತಲೇ ಇದ್ದಳು. ಗಂಡಸರು ಪೆಟ್ರೋಲಿಗೆ ಇಳಿದಾಗ ಮೆಲ್ಲಗೆ ಅಂದಳು, "ಸೋತ್ರೆ ನನ್ನಿಂದಾನೇ ಸೋತ್ವಿ ಅಂತಾರೆ. ಅದು ಬಿಡು, ತಲೆ ತಗ್ಗಿಸಿ ಕೇಳಿಸ್ಕೊಂಡ್ರಾಯ್ತು. ಗೆದ್ರೆ ಏನು ಮಾಡ್ಲಿ?"

"ಗೆದ್ರೆ ಕುಣಿ!"

"ನಾನು ನೋಡ್ತಾ ಕೂತಿದ್ದೂ ಗೆದ್ರು ಅಂದ್ರೆ, ಇಷ್ಟು ವರ್ಷ ಆ ಜಗಲೀಲಿ ನಾನು ಕೂತಿದ್ದು ಯಾತಕ್ಕೆ ಮ್ಯಾವಿಸ್?"

ನಾನು ಅವಳ ಕೈಯಿಂದ ಕಡಲೆಕಾಯಿ ಚೀಲ ತೆಗೆದು ನನ್ನ ತೊಡೆಯ ಮೇಲಿಟ್ಟುಕೊಂಡೆ.

ಕ್ರೀಡಾಂಗಣದ ಮೆಟ್ಟಿಲು ಹತ್ತಿ ಮೈದಾನ ಕಂಡೊಡನೆ ಅವಳು ನಿಂತುಬಿಟ್ಟಳು. ಹಿಂದೆ ಬರುತ್ತಿದ್ದವರು ಡಿಕ್ಕಿ ಹೊಡೆದರೂ ಕದಲಲಿಲ್ಲ.

"ಇಷ್ಟು ಹಸಿರಾ! ರೇಡಿಯೋದವನು ಒಂದು ದಿನವೂ ಹೇಳ್ಲಿಲ್ಲವಲ್ಲೇ ಇದನ್ನ."

ಆಟಕ್ಕೆ ಮುಂಚೆ, ತಂಡದ ಗುರುತಿಗೆಂದು ಸಾಕಿದ ನಿಜವಾದ ಹೇಸರಗತ್ತೆಯನ್ನು ಮೈದಾನದ ಸುತ್ತ ನಡೆಸಿದರು. ಅರ್ಲೀನ್ ಮದುಮಗಳನ್ನು ನೋಡಿದಂತೆ ನೋಡಿದಳು. ಬ್ಯಾಂಡಿನ ಕಹಳೆಯವರಲ್ಲಿ ಟೆಸ್ ಯಾರೆಂದು ತಿಳಿಯದೆ ಎಲ್ಲರಿಗೂ ಕೈಬೀಸಿದಳು. ಆಟ ಶುರುವಾಗಿದ್ದೇ ತಡ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಹಾಳಾಗಲಿ, ಅದರಿಂದಲೂ ಪ್ರಯೋಜನವಾಗಲಿಲ್ಲ. ಅರ್ಧ ಆಟ ಮುಗಿಯುವಾಗ ವೆಲ್ಬರ್ನ್ ಹದಿನೇಳು, ನಾವು ಮೂರು.

ಹಾಯ್ಟ್ ಗಂಟಲು ಸರಿಮಾಡಿಕೊಂಡ. "ಅರ್ಲೀನ್, ಕೆಳಗೆ ಹೋಗಿ ಒಂದು ಕೋಕ್ ತರ್ತೀಯಾ? ನಿಧಾನಕ್ಕೆ ಬಾ, ಅವಸರ ಏನಿಲ್ಲ."

ಅದೇ ಮಾತಿಗೆ ಕಾಯುತ್ತಿದ್ದವಳ ಹಾಗೆ ಅವಳು ಎದ್ದಳು. ಡೋಯಲ್ ತನ್ನ ಬೂಟು ನೋಡುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಹಾಯ್ಟ್‌ನ ಕಾಲು ತುಳಿದುಕೊಂಡೇ ಅವಳ ಹಿಂದೆ ಇಳಿದೆ.

ಗ್ಯಾಲರಿಯ ಕೆಳಗೆ ಕತ್ತಲು ಕತ್ತಲಾದ ಓಣಿ, ಹುರಿದ ಈರುಳ್ಳಿಯ ವಾಸನೆ. ಅವಳು ಒಂದು ಕಂಬ ಹುಡುಕಿ ಒರಗಿ ನಿಂತಳು. ಅಲ್ಲಿಗೆ ಆಟ ಕಾಣುವುದಿಲ್ಲ, ಸದ್ದು ಕೇಳುತ್ತದೆ. ಸ್ವಲ್ಪ ಹೊತ್ತಿಗೆ ತಲೆಯ ಮೇಲಿನ ಚಾವಣಿಯೇ ಕಿತ್ತುಬರುವಂತೆ ಜನ ಅಬ್ಬರಿಸಿದರು. ನಮ್ಮವರು ಗೆರೆ ದಾಟಿ ಏಳು ಅಂಕ ಗಳಿಸಿದ್ದರು.

"ನೋಡಿದ್ಯಾ?" ಎಂದಳು. ಬೆಳಗಿನಿಂದ ಬಾಡಿದ್ದ ಮುಖ ಅರಳಿತ್ತು.

"ನೋಡೋಕೆ ಬಿಟ್ರೆ ತಾನೇ! ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೇ. ನಡಿ ಮೇಲಕ್ಕೆ."

"ಇಲ್ಲ ಮಾರಾಯ್ತಿ. ಮುಗಿಯೋವರೆಗೂ ಇಲ್ಲೇ."

ಇನ್ನೊಂದು ಅಬ್ಬರ ಕೇಳಿತು. ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಅಂಕ ಪಡೆದಿದ್ದರು. ಇನ್ನು ನಾಲ್ಕೇ ಅಂಕ ಹಿಂದೆ. ಈಗಂತೂ ಅವಳನ್ನು ಆ ಕಂಬದಿಂದ ಕೀಳುವುದು ದೇವರ ಕೈಯಲ್ಲೂ ಆಗದ ಮಾತು. ನಾನು ಬಯ್ದೆ, ಗೋಗರೆದೆ, ಟೆಸ್ ಹೆಸರು ಹೇಳಿದೆ. "ಟೆಸ್‌ಗೂ ಗೆಲುವೇ ಬೇಕಲ್ವಾ?" ಎಂದಳು.

ಆಗ ಮೆಟ್ಟಿಲಿಳಿದು ಬಂದವನು ಡೋಯಲ್. ಕೊನೆಯ ಕಾಲು ಭಾಗದ ಆಟ ನಡೆಯುತ್ತಿತ್ತು. ಆ ಹೊತ್ತಿನಲ್ಲಿ ಅವನು ಕುರ್ಚಿ ಬಿಟ್ಟದ್ದನ್ನು ನಾನು ಹುಟ್ಟಿದಾರಭ್ಯ ಕಂಡಿರಲಿಲ್ಲ.

"ಬಾ," ಎಂದ.

"ನೀನ್ಯಾಕೆ ಎದ್ದೆ? ಹೋಗು, ಕೂತ್ಕೋ ಹೋಗು! ನಾನು ಬಂದ್ರೆ ಸೋಲ್ತೀವಿ."

"ಸೋಲ್ಲಿ."

"ವೆಲ್ಬರ್ನ್ ಮೇಲೆ ಡೋಯಲ್! ಬುದ್ಧಿ ನೆಟ್ಟಗಿದೆಯಾ ನಿನಗೆ?"

"ಸೋತ್ರೆ ಸೋಲ್ಲಿ ಕಣೇ. ನೀನಿಲ್ದೆ ನೋಡಿ ನೋಡಿ ನನಗೆ ಸಾಕಾಗಿದೆ."

ಅವನು ಅವಳ ಕೈ ಹಿಡಿದುಕೊಂಡ. ಊರಿನೆದುರು ನನ್ನ ತಮ್ಮ ಹೆಂಡತಿಯ ಕೈ ಹಿಡಿಯುವ ಪೈಕಿಯವನಲ್ಲ. ಇಬ್ಬರೂ ಮೇಲೆ ಹತ್ತಿದರು. ನಾನು ಹಾಯ್ಟ್‌ಗೆಂದು ಒಂದು ಕೋಕ್ ಕೊಂಡು, ಅಲ್ಲೇ ನಿಂತು ಅರ್ಧ ಕುಡಿದು ಹಿಂದೆ ಹೋದೆ.

ಸೀಟಿನಲ್ಲಿ ಡೋಯಲ್ ಅವಳ ಕಿವಿಗೆ ಬಾಗಿ, "ಕಣ್ಣು ಬಿಡು" ಎಂದ. ಬಿಟ್ಟಳು. ಗಡಿಯಾರದಲ್ಲಿ ಹೆಚ್ಚು ಹೊತ್ತು ಉಳಿದಿರಲಿಲ್ಲ. ನಮ್ಮ ಸಣಕಲು ಹುಡುಗನೊಬ್ಬ ದೂರದಿಂದ ಬಂದ ಚೆಂಡನ್ನು ಹಿಡಿದು, ಒಬ್ಬನ ಕೈಯಿಂದ ಜಾರಿ, ಇನ್ನೊಬ್ಬನನ್ನು ಎಳೆದುಕೊಂಡೇ ಗೆರೆಯಾಚೆ ಬಿದ್ದ. ನಮ್ಮ ಕಣ್ಣೆದುರಿನ ಮೂಲೆಯಲ್ಲೇ! ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಎದ್ದು ನಿಂತಿತು. ಹಾಯ್ಟ್ ಪಕ್ಕದ ಅಪರಿಚಿತನ ಬೋಳುತಲೆಗೆ ಮುತ್ತಿಟ್ಟ.

ಅರ್ಲೀನ್ ಮಾತ್ರ ಕೂತಳು. ಡೋಯಲ್ ಪಕ್ಕದಲ್ಲಿ ಕೂತ.

"ನಾನು ನೋಡ್ತಿದ್ದೆ ಡೋಯಲ್. ಪೂರ್ತಿ ನೋಡ್ದೆ."

"ಹೂಂ."

"ಆದ್ರೂ ಗೆದ್ವಿ."

ಅವನು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ವಾಪಸು ದಾರಿಯುದ್ದಕ್ಕೂ ಹಾಯ್ಟ್ ಒಬ್ಬನೇ ಹಾಡಿಕೊಂಡು ಬಂದ. ಅರ್ಲೀನ್ ಕಿಟಕಿಗೆ ಹಣೆ ಒತ್ತಿ ಸದ್ದಿಲ್ಲದೆ ಅತ್ತಳು. ಗೆಲುವಿನ ದಿನ ಅಳುವವರನ್ನು ಸಮಾಧಾನ ಮಾಡುವುದು ಹೇಗೆಂದು ನನಗೆ ಗೊತ್ತಿಲ್ಲ.

ಮುಂದಿನ ಶನಿವಾರ ಮೊಟ್ಟೆಯ ತಟ್ಟೆ ಹಿಡಿದು ನಾನು ಅವರ ಮನೆಗೆ ಹಿತ್ತಿಲ ಕಡೆಯಿಂದ ಹೋದೆ. ಜಗಲಿಯಲ್ಲಿ ಅರ್ಲೀನಳ ಕುರ್ಚಿಯಲ್ಲಿ ಡೋಯಲ್ ಕೂತಿದ್ದ. ತೊಡೆಯ ಮೇಲೆ ರೇಡಿಯೋ, ಕೈಯಲ್ಲಿ ಕಡಲೆಕಾಯಿ ತಿರುವುವ ಸೌಟು.

"ಇದೇನೋ, ನೀನಿಲ್ಲಿ?"

"ಕೂತಿದ್ದೀನಿ."

"ಯಾರು ಹೇಳಿದ್ರು ಕೂರೋಕೆ?"

"ಯಾರೂ ಹೇಳ್ಲಿಲ್ಲ. ಸೊಳ್ಳೆ ಇಷ್ಟು ಕಚ್ಚತ್ತೆ ಅಂತಾನೂ ಯಾರೂ ಹೇಳ್ಲಿಲ್ಲ ನನಗೆ."

ನಾನು ಬಾಗಿಲು ನೂಕಿ ಹಾಲಿಗೆ ಕಾಲಿಟ್ಟೆ. ಅದೇ ಗಳಿಗೆಯಲ್ಲಿ ಟಿವಿಯಲ್ಲಿ ನಮ್ಮ ಹುಡುಗನ ಕೈಯಿಂದ ಚೆಂಡು ಜಾರಿತು. ಹಾಯ್ಟ್ "ಅಯ್ಯೋ!" ಎಂದು ಹಣೆ ಚಚ್ಚಿಕೊಂಡು, ಯಾರು ಬಂದರೆಂದು ನೋಡಲು ಸರಕ್ಕನೆ ನನ್ನ ಕಡೆ ತಿರುಗಿ ಬಾಯಿ ತೆರೆದ.

ಡೋಯಲ್‌ನ ದೊಡ್ಡ ಕುರ್ಚಿಯಲ್ಲಿ ಅರ್ಲೀನ್ ಕಾಲು ನೀಡಿ ಕೂತಿದ್ದಳು. ಟಿವಿಯಿಂದ ಕಣ್ಣು ಕೀಳಲಿಲ್ಲ.

"ಬಾಯಿ ಮುಚ್ಚು ಹಾಯ್ಟ್," ಎಂದಳು. "ಬಾ ಮ್ಯಾವಿಸ್, ಇಲ್ಲಿ ನನ್ನ ಪಕ್ಕ ಕೂತ್ಕೋ."