ಸಲನಿಯೆತಾ ಬಚ್ಚಿಟ್ಟ ಒಂಬತ್ತು ಬುಟ್ಟಿ

ಸಲನಿಯೆತಾಳಿಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಅವಳೇ ದಿನಕ್ಕೆ ಹತ್ತು ಸಲ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು. ಕಲಾಂಬು ಊರಿನಲ್ಲಿ ಧನಸುಖ್ ಸೇಠರ ಬಟ್ಟೆ ಕಾರ್ಖಾನೆ ಸೇರಿ ಹದಿನೆಂಟು ವರ್ಷವಾಗಿತ್ತು. ಯಾವ ಆರ್ಡರ್ ಯಾವ ಮೇಜಿನಲ್ಲಿದೆ ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಗೋಡೆಯ ಮೇಲೆ ಐದು ಮೊಳೆ: ಕತ್ತರಿ, ಹೊಲಿಗೆ, ಗುಂಡಿ, ಇಸ್ತ್ರಿ, ಗಂಟು. ಒಂದೊಂದು ಆರ್ಡರಿಗೂ ಅದರದೇ ಬಟ್ಟೆಯ ಒಂದು ಚೂರು. ಕೆಲಸ ಮುಂದೆ ಸಾಗಿದ ಹಾಗೆ ಚೂರನ್ನು ಮೊಳೆಯಿಂದ ಮೊಳೆಗೆ ದಾಟಿಸುವುದು ಅವಳ ಕೆಲಸ. ಸೇಠರೂ ಆ ಗೋಡೆಗೆ ಕೈ ಹಚ್ಚುತ್ತಿರಲಿಲ್ಲ.

ಅಂಥವಳ ಮುಂದೆ ಲೊಸಲಿನಿ ಎದ್ದು ನಿಂತಳು. ಇಪ್ಪತ್ತೆಂಟರ ಹೆಂಗಸು, ಆರು ವರ್ಷ ಬರೀ ಕಾಲರ್ ಹೊಲಿದವಳು. ಸಲನಿಯೆತಾಳ ಗೋಡೆಯ ಕಾಲದಲ್ಲಿ ಹೊಲಿಗೆಯವರು ನಿಲ್ಲದೆ ಹೊಲಿಯಬೇಕಿತ್ತು. ಗುಂಡಿ ಮೇಜಿನ ಪಕ್ಕ ಬಟ್ಟೆ ಸೊಂಟದೆತ್ತರ ಬೀಳುತ್ತಿತ್ತು, ಇಸ್ತ್ರಿಯವರು ಬೆಳಿಗ್ಗೆ ಆಕಳಿಸಿ ಸಂಜೆ ಬೆವರುತ್ತಿದ್ದರು. ಲೊಸಲಿನಿ ಸೇಠರನ್ನು ಒಪ್ಪಿಸಿ ನೀಲಿ ಪ್ಲಾಸ್ಟಿಕ್ ಬುಟ್ಟಿ ತರಿಸಿದಳು. ಬುಟ್ಟಿಗೆ ಹತ್ತೇ ಉಡುಪು. ಮುಂದಿನ ಮೇಜಿನಿಂದ ಖಾಲಿ ಬುಟ್ಟಿ ವಾಪಸು ಬಂದರೆ ಮಾತ್ರ ಹೊಲಿ, ಬರದಿದ್ದರೆ ಸುಮ್ಮನೆ ಕೂರು. ಇಷ್ಟೇ ಅವಳ ಮಂತ್ರ. ಮೂರೇ ತಿಂಗಳಲ್ಲಿ ಗೋಡೆಯ ಕಡೆ ತಿರುಗಿ ನೋಡುವವರು ಇಲ್ಲವಾದರು.

ಅದಕ್ಕಿಂತ ಉರಿಯುವ ಸಂಗತಿ ಇನ್ನೊಂದಿತ್ತು. ಇಬ್ಬರೂ ತೌವು, ಅದು ಅವರ ಕಡೆಯ ಒಂದು ನಂಟು. ಇಬ್ಬರ ಊರಿಗೂ ಮೂಲಪುರುಷ ಒಬ್ಬನೇ, ಹಾಗಾಗಿ ಒಬ್ಬರನ್ನೊಬ್ಬರು ಬೈಯಬಹುದು, ಒಬ್ಬರದನ್ನೊಬ್ಬರು ಕೇಳದೆ ಎತ್ತಿಕೊಳ್ಳಬಹುದು, ಸಿಟ್ಟಾಗುವ ಹಾಗಿಲ್ಲ.

"ಏ ಮುದಿ ಆಮೆ, ಇನ್ನೂ ಆ ಚಿಂದಿ ಕಾಯ್ತಾ ಇದೀಯಾ?" ಎಂದು ಲೊಸಲಿನಿ ಅವಳ ಡಬ್ಬಿಯಿಂದಲೇ ಮರಗೆಣಸಿನ ಹೋಳು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ತಿನ್ನು, ತಿನ್ನು. ನಿಮ್ಮೂರೋರು ಹುಟ್ಟಿರೋದೇ ಕಂಡೋರ ಗೆಣಸು ತಿನ್ನೋಕೆ," ಎಂದು ಸಲನಿಯೆತಾ ನಗಬೇಕಾಗುತ್ತಿತ್ತು. 

ಜುಲೈಯಲ್ಲಿ ಕೋರೋ ದ್ವೀಪದ ಚರ್ಚಿನಿಂದ ಆರ್ಡರ್ ಬಂತು. ಚರ್ಚಿಗೆ ನೂರು ವರ್ಷ. ಇಡೀ ದ್ವೀಪಕ್ಕೆ ಒಂದೇ ಹೂವಿನ ಬಟ್ಟೆಯಲ್ಲಿ ಒಂಬೈನೂರು ಉಡುಪು, ಶುಕ್ರವಾರದ ಹಡಗಿಗೆ. ಹಡಗು ತಪ್ಪಿದರೆ ಹಬ್ಬವೇ ತಪ್ಪಿದಂತೆ. ಸೇಠರು ಸೋಮವಾರ ಎಲ್ಲರನ್ನೂ ಕರೆದು, "ಹಳೇ ಮೇಸ್ತ್ರಿ ಈ ತಿಂಗಳು ಬಿಡ್ತಾರೆ. ಹೊಸ ಮೇಸ್ತ್ರಿ ಯಾರು ಅಂತ ಈ ಆರ್ಡರ್ ಮುಗಿದ ಮೇಲೆ ಹೇಳ್ತೀನಿ," ಎಂದರು. ಹೇಳುವಾಗ ಅವರ ಕಣ್ಣು ಲೊಸಲಿನಿಯ ಮೇಲಿತ್ತು. ಹದಿನೆಂಟು ವರ್ಷ ಕಾದ ಕುರ್ಚಿ ಅದು. ಸಲನಿಯೆತಾಳಿಗೆ ಕಿವಿಯವರೆಗೂ ಬಿಸಿ ಏರಿತು.

ಅಂದು ಊಟದ ಹೊತ್ತಿನಲ್ಲಿ ಎಲ್ಲರೂ ಹೊರಗೆ ಮಾವಿನ ಮರದ ಕೆಳಗೆ ಕೂತಿದ್ದಾಗ ಅವಳು ಒಳಗೆ ಉಳಿದಳು. ಹೊಲಿಗೆಗೂ ಗುಂಡಿಗೂ ನಡುವೆ ಓಡಾಡುತ್ತಿದ್ದದ್ದು ಹದಿನೆಂಟು ಬುಟ್ಟಿ. ಅದರಲ್ಲಿ ಖಾಲಿ ಇದ್ದ ಒಂಬತ್ತನ್ನು ಎತ್ತಿ ಚಿಂದಿ ಕೋಣೆಯ ಮೂಲೆಗೆ ತಳ್ಳಿ, ಮೇಲೆ ಬಟ್ಟೆ ಚೂರು ಸುರಿದು, ಬೀಗ ಹಾಕಿದಳು. ಆ ಕೋಣೆಯ ಬೀಗದ ಕೈ ಅವಳ ಸೊಂಟದಲ್ಲೇ ಇರುತ್ತಿತ್ತು. ಬುಟ್ಟಿ ಇಲ್ಲ ಎಂದರೆ ಹೊಲಿಗೆ ಇಲ್ಲ. ಹಡಗು ತಪ್ಪಲಿ, ದ್ವೀಪಕ್ಕೆ ದ್ವೀಪವೇ ಲೊಸಲಿನಿಯ ಹೆಸರು ಹಿಡಿದು ಬೈಯಲಿ! ಹಾಗಂತ ಅವಳು ಬಯಸಿದಳು, ಅದೂ ದೇವರ ಹಬ್ಬದ ಬಟ್ಟೆ ಎಂದು ಗೊತ್ತಿದ್ದೂ.

ಮಧ್ಯಾಹ್ನ ಅವಳು ಅಂದುಕೊಂಡ ಹಾಗೆಯೇ ಆಯಿತು. ಖಾಲಿ ಬುಟ್ಟಿ ಬಾರದೆ ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಲೊಸಲಿನಿ ಬುಟ್ಟಿ ಎಣಿಸಿದಳು, ಇನ್ನೊಮ್ಮೆ ಎಣಿಸಿದಳು, ಹಣೆ ಉಜ್ಜಿಕೊಂಡಳು. ಸಲನಿಯೆತಾಳ ಹೊಟ್ಟೆಯ ಕಿಚ್ಚಿಗೆ ತಣ್ಣೀರು ಸುರಿದಂತಾಯಿತು.

ಆದರೆ ಕೈ ಖಾಲಿಯಾದ ಹೆಂಗಸರು ಎಷ್ಟು ಹೊತ್ತು ಸುಮ್ಮನೆ ಕೂರುತ್ತಾರೆ? ನಾಲ್ಕು ಜನ ಬೇಜಾರು ಹತ್ತಿ ಎದ್ದು ಗುಂಡಿ ಮೇಜಿಗೆ ಹೋಗಿ ಕೂತರು. ಗುಂಡಿ ಬೇಗ ಬೇಗ ಮುಗಿಯಿತು, ಖಾಲಿ ಬುಟ್ಟಿ ಬೇಗ ಬೇಗ ತಿರುಗಿತು. ಒಂದು ತೋಳು ತಿರುಗುಮುರುಗಾಗಿ ಹೊಲಿದದ್ದು ಹತ್ತನೆಯ ಉಡುಪಿನಲ್ಲೇ ಸಿಕ್ಕಿಬಿತ್ತು. ಮೊದಲಾಗಿದ್ದರೆ ತೊಂಬತ್ತು ಬಿಚ್ಚಬೇಕಿತ್ತು. ಮಂಗಳವಾರ ಇಸ್ತ್ರಿಯ ಇಸಿರೇಲಿ, "ಏನ್ರೇ, ಬೆಳಿಗ್ಗೆ ಎಂಟಕ್ಕೇ ಬಟ್ಟೆ ಬರ್ತಾ ಇದೆ, ಉಸಿರಾಡೋಕೆ ಬಿಡ್ರೇ!" ಎಂದು ಕೂಗಿದ. ಗುರುವಾರ ಮಧ್ಯಾಹ್ನಕ್ಕೆ ಒಂಬೈನೂರೂ ಗಂಟು ಕಟ್ಟಿ ಬಾಗಿಲ ಬಳಿ ನಿಂತವು, ಹಡಗಿಗಿಂತ ಒಂದು ದಿನ ಮುಂಚೆ. ಕೆಡಿಸಲು ಹೋದವಳೇ ಕೆಲಸವನ್ನು ದಡ ಸೇರಿಸಿದ್ದಳು. ಸಲನಿಯೆತಾಳಿಗೆ ಅಳು ಬಂತು.

ಗಂಟಿನ ಮೇಲೆ ಹೊದಿಸಲು ಬಟ್ಟೆ ಬೇಕೆಂದು ಇಸಿರೇಲಿ ಅವಳ ಕೈಯಿಂದ ಬೀಗದ ಕೈ ಈಸಿಕೊಂಡ. ಕೊಡುವುದಿಲ್ಲ ಎನ್ನಲು ನೆಪ ಹೊಳೆಯಲಿಲ್ಲ. ಕೋಣೆಯ ಬಾಗಿಲು ತೆರೆದು ಚಿಂದಿ ಎಳೆದದ್ದೇ ತಡ, ಒಂಬತ್ತು ನೀಲಿ ಬುಟ್ಟಿ ಉರುಳಿ ಅಲ್ಲೇ ಗಂಟು ಎಣಿಸುತ್ತಿದ್ದ ಸೇಠರ ಕಾಲ ಬಳಿ ಬಂದು ನಿಂತವು.

 ಯಾರೂ ಸಲನಿಯೆತಾಳ ಹೆಸರು ಎತ್ತಿರಲಿಲ್ಲ, ಆದರೂ ಕುಂಬಳಕಾಯಿ ಕಳ್ಳನ ಹಾಗೆ ಅವಳ ಕೈ ತಾನಾಗಿ ಸೊಂಟ ಮುಟ್ಟಿಕೊಂಡಿತು. ಲೊಸಲಿನಿ ಅದನ್ನು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನೋಡ್ರೋ ನೋಡ್ರೋ, ನನ್ನ ತೌವು ಕಳ್ಳೀನ! ಬುಟ್ಟಿ ಜಾಸ್ತಿ ಆಯ್ತು ಕಣೇ ಅಂತ ಬಾಯಲ್ಲಿ ಹೇಳೋಕೆ ಬಿಂಕ ಈ ಮುದಿ ಆಮೆಗೆ. ಕದ್ದು ತೋರಿಸಿದಾಳೆ! ಸೇಠ್‌ಜೀ, ಕಮ್ಮಿ ಮಾಡೋಕೆ ನನಗೆ ಧೈರ್ಯ ಇರಲಿಲ್ಲ. ಇದು ಅವಳ ಕೆಲಸ."

ಎಲ್ಲರೂ ಹೋ ಎಂದು ನಕ್ಕರು, ಚಪ್ಪಾಳೆ ತಟ್ಟಿದರು. ತೌವು ಕದ್ದರೆ ಅದು ಕಳ್ಳತನವಲ್ಲವಲ್ಲ. ಸೇಠರು ತಲೆದೂಗಿ, "ಹದಿನೆಂಟು ವರ್ಷದ ಕಣ್ಣು ಅಂದ್ರೆ ಹೀಗಿರಬೇಕು. ಸೋಮವಾರದಿಂದ ನೀನೇ ಮೇಸ್ತ್ರಿ, ಸಲನಿಯೆತಾ," ಎಂದುಬಿಟ್ಟರು.

ನೀರಿನ ತೊಟ್ಟಿಯ ಹತ್ತಿರ ಅವಳು ಲೊಸಲಿನಿಯ ತೋಳು ಹಿಡಿದು ನಿಲ್ಲಿಸಿದಳು. "ನಾನು ಬುಟ್ಟಿ ಯಾಕೆ ತೆಗೆದೆ ಅಂತ ನಿನಗೆ ಗೊತ್ತು."

"ಗೊತ್ತು."

"ಮತ್ಯಾಕೆ ಹಾಗೆ ಅಂದೆ? ಕುರ್ಚಿ ನಿಂದಾಗ್ತಿತ್ತಲ್ಲ."

"ಕುರ್ಚಿ ಮುಂದೆ ಬರುತ್ತೆ ಬಿಡಕ್ಕ. ಇವತ್ತು ನಿನ್ನ ಮಾನ ಹೋಗಿದ್ರೆ ವಾಪಸು ಬರ್ತಿರಲಿಲ್ಲ," ಎಂದು ಲೊಸಲಿನಿ ಮುಖ ತೊಳೆದುಕೊಂಡು ಹೋದಳು. ಈ ಸಲ ಆಮೆ ಗೀಮೆ ಎನ್ನಲಿಲ್ಲ.

ಇಷ್ಟು ದಿನ ಕಿಚ್ಚಿದ್ದದ್ದು ಆ ಹೆಂಗಸಿನ ಬುದ್ಧಿಯ ಮೇಲೆ ಮಾತ್ರ. ಬುದ್ಧಿಯಾದರೆ ಹದಿನೆಂಟು ವರ್ಷದಲ್ಲಿ ಬೆಳೆಸಿಕೊಳ್ಳಬಹುದು. ಈ ದೊಡ್ಡ ಮನಸ್ಸನ್ನು ಎಲ್ಲಿಂದ ತರುವುದು? ಬೇಕಾದ ಕುರ್ಚಿ ಸಿಕ್ಕಿತ್ತು, ಸಲನಿಯೆತಾಳ ಹೊಟ್ಟೆಕಿಚ್ಚು ಮಾತ್ರ ಎರಡರಷ್ಟಾಗಿತ್ತು.

ಸಂಜೆ ಬಸ್ಸು ತುಂಬಿತ್ತು. ಲೊಸಲಿನಿ ತನ್ನ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟುಕೊಂಡು, "ಮೇಸ್ತ್ರಿ, ಬಾ ಇಲ್ಲಿ," ಎಂದು ಕರೆದಳು. ಸಲನಿಯೆತಾ ಕೇಳಿಸದವಳ ಹಾಗೆ ಕಿಟಕಿಯಾಚೆ ನೋಡುತ್ತಾ ತಾನು ಇಳಿಯುವ ನೌಸೋರಿಯವರೆಗೂ ನಿಂತೇ ಹೋದಳು.